ತೋಳದಿಂದ ಬಂದಿದ್ದು ಧೈರ್ಯವಲ್ಲ, ಅಂಜಿಕೆ

ಹಳದಿ ಕಣ್ಣು, ಬೂದು ಮೈ, ಸದ್ದಿಲ್ಲದ ನಡಿಗೆ. ತೋಳ ಮತ್ತು ನಾಯಿ ಬೆರೆತ ತೋಳನಾಯಿಯ ರೀಲ್ಸ್ ನೋಡಿ "ಇಂಥದ್ದೊಂದು ಮನೇಲಿದ್ರೆ ಕಳ್ಳರು ಹತ್ರ ಸುಳಿಯಲ್ಲ" ಅನ್ನುವವರು ಜಾಸ್ತಿಯಾಗಿದ್ದಾರೆ. ಅದರ ಚಂದಕ್ಕೆ ನಾನೂ ಸೋತವನೇ. ಆದರೆ ಕಳ್ಳರ ಮಾತು ಬಂದಾಗ ನಗು ಬರುತ್ತದೆ.

ಈ ಆಸೆ ಹೊಸದೇನಲ್ಲ. ನೆದರ್ಲೆಂಡ್ಸ್‌ನ ಲೇಂಡರ್ಟ್ ಸಾರ್ಲೋಸ್ ಅವರಿಗೂ 1930ರ ದಶಕದಲ್ಲಿ ಜರ್ಮನ್ ಶೆಫರ್ಡ್ ತೀರಾ ಸಾಕುನಾಯಿ ಆಗಿಬಿಟ್ಟಿದೆ ಅನ್ನಿಸಿತ್ತು. ತೋಳ ಬೆರೆಸಿದರೆ ಗಟ್ಟಿಯಾದ ಕೆಲಸದ ನಾಯಿ ಸಿಗುತ್ತದೆ ಅಂದುಕೊಂಡು ಗೆರಾರ್ಡ್ ಅನ್ನುವ ಶೆಫರ್ಡ್‌ಗೆ ಫ್ಲೂರ್ ಅನ್ನುವ ಹೆಣ್ಣು ತೋಳವನ್ನು ಕೂಡಿಸಿದರು. ಹುಟ್ಟಿದ್ದು ನಾಚಿಕೆ ಸ್ವಭಾವದ ತಳಿ! ಹೊಸಬರನ್ನು ಕಂಡರೆ ಹಿಂದೆ ಸರಿಯುವುದೇ ಅದರ ಗುಣ. ಸಾರ್ಲೋಸ್ 1969ರಲ್ಲಿ ತೀರಿಕೊಂಡರು. 1975ರಲ್ಲಿ ತಳಿಗೆ ಮಾನ್ಯತೆ ಸಿಕ್ಕಾಗ ಅವರದೇ ಹೆಸರಿಟ್ಟರು.

ಇನ್ನೊಂದು ಕಥೆ ಚೆಕೊಸ್ಲೊವಾಕಿಯಾದ್ದು. ಗಡಿ ಕಾವಲು ಪಡೆಯಲ್ಲಿ ಕಾರೆಲ್ ಹಾರ್ಟ್ಲ್ 1955ರಲ್ಲಿ ಪ್ರಯೋಗ ಶುರುಮಾಡಿದರು. ಕಾರ್ಪೇಥಿಯನ್ ಬೆಟ್ಟಗಳ ತೋಳ ಬ್ರಿಟಾ ಮತ್ತು ಶೆಫರ್ಡ್ ಸೀಸರ್‌ನ ಮೊದಲ ಮರಿಗಳು ಹುಟ್ಟಿದ್ದು 1958ರಲ್ಲಿ. ಇಡೀ ತಳಿಗೆ ಬೆರೆತ ತೋಳಗಳು ನಾಲ್ಕೇ ನಾಲ್ಕು. 1983ರ ನಂತರ ತೋಳದ ರಕ್ತ ಮತ್ತೆ ಸೇರಿಸಲಿಲ್ಲ. ಕೆಲಸಕ್ಕೆಂದೇ ಆರಿಸುತ್ತಾ ಬಂದದ್ದರಿಂದ ಇದು ಸಾರ್ಲೋಸ್‌ಗಿಂತ ಧೈರ್ಯದ್ದು, ಚುರುಕಿನದ್ದು. ಆದರೂ ಶೆಫರ್ಡ್ ಹಾಗೆ ಹೇಳಿದ್ದನ್ನೇ ಹತ್ತು ಸಲ ಮಾಡುವುದಿಲ್ಲ. ಎರಡು ಸಲ ಚೆಂಡು ತಂದುಕೊಡುತ್ತದೆ, ಮೂರನೇ ಸಲ ನಿಮ್ಮ ಮುಖ ನೋಡುತ್ತದೆ. ಅದೇನು ದಡ್ಡತನ ಅಲ್ಲ, ಅಲ್ವಾ?

ಅಂಜಿಕೆಯೂ ದಡ್ಡತನ ಅಲ್ಲ. ಕಾಡಿನಲ್ಲಿ ಕಾಲು ಮುರಿದುಕೊಂಡ ತೋಳಕ್ಕೆ ಬೇಟೆ ಇಲ್ಲ. ಗೊತ್ತಿಲ್ಲದ್ದರಿಂದ ದೂರ ಇದ್ದದ್ದೇ ಬದುಕಿತು. ಮೇಲಾಗಿ ಹೊಸ ವಾಸನೆ, ಹೊಸ ಮುಖಗಳಿಗೆ ಒಗ್ಗಿಕೊಳ್ಳುವ ವಯಸ್ಸು ತೋಳದ ಮರಿಗಳಿಗೆ ನಾಯಿಮರಿಗಳಿಗಿಂತ ಬೇಗ ಮುಗಿದುಹೋಗುತ್ತದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಇದ್ದು ನಾಯಿ ಕಳೆದುಕೊಂಡ ಈ ಎಚ್ಚರವನ್ನು ನಾವು ವಾಪಸ್ ತಂದು ಅದಕ್ಕೆ ಪೌರುಷ ಅಂತ ಹೆಸರಿಟ್ಟಿದ್ದೇವೆ.

ಮನೆಯವರ ಜೊತೆ ಮಾತ್ರ ತೋಳನಾಯಿಯ ನಂಟು ಗಾಢ. ಕಷ್ಟ ಇರುವುದೂ ಅಲ್ಲೇ. ಒಂಟಿಯಾಗಿ ಬಿಟ್ಟು ಹೋದರೆ ಊಳಿಡುತ್ತದೆ, ಬಾಗಿಲು ಕಚ್ಚುತ್ತದೆ, ಬೇಲಿ ಹಾರುತ್ತದೆ. ಚಿಲಕ ತೆಗೆಯುವುದನ್ನು ನೋಡಿಯೇ ಕಲಿಯುವಂಥವೂ ಇವೆ. ಬೊಗಳುವುದು ಮಾತ್ರ ಕಮ್ಮಿ. ಕಾವಲಿಗೆ ಬೇಕಾಗಿದ್ದೇ ಆ ಬೊಗಳು!

ಬೆಳಗ್ಗೆ ಹೋಗಿ ರಾತ್ರಿ ಬರುವ ಕೆಲಸ ನಿಮ್ಮದಾದರೆ ಇದು ಬೇಡವೇ ಬೇಡ. ಇಷ್ಟಾದ ಮೇಲೂ ಬೇಕು ಅನ್ನುವವರು ಮರಿ ಮಾರುವವರನ್ನು ತೋಳದ ಅಂಶ ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ. ಹೊಸಬರು ಬಂದಾಗ ಇದರ ತಾಯಿ ಎಲ್ಲಿ ಹೋಗಿ ನಿಲ್ಲುತ್ತದೆ, ಅದನ್ನು ಕೇಳಿ.