ಇಗ್ರಾ ಪಾಸಿಟಿವ್ ಅಂದ್ರೆ ಟಿಬಿ ಕಾಯಿಲೆ ಅಂತಲ್ಲ

ಹಾಸನ, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಇಗ್ರಾ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಟಿಬಿ ಇದೆ ಅಂತಲೇ ಲೆಕ್ಕ. ರಕ್ತದಲ್ಲಿ ಕ್ರಿಮಿ ಸಿಕ್ಕಿದೆ. ಅಂಥವರನ್ನು ತೋಟದ ಕೆಲಸಕ್ಕೆ ಸೇರಿಸಬೇಡಿ." ಇದು ತಪ್ಪು.

ಈ ಪರೀಕ್ಷೆ ಕ್ರಿಮಿಯನ್ನು ಹುಡುಕುವುದೇ ಇಲ್ಲ. ಹುಡುಕುವುದು ಆ ಕ್ರಿಮಿಯ ಗುರುತು ಇಟ್ಟುಕೊಂಡ ಟಿ ಜೀವಕೋಶಗಳನ್ನು. ಇವು ಬಿಳಿ ರಕ್ತಕಣಗಳಲ್ಲೇ ಒಂದು ಬಗೆ. ಟ್ಯೂಬಿನ ಒಳಗೋಡೆಗೆ ಟಿಬಿ ಕ್ರಿಮಿಯ ಎರಡು ಪ್ರೋಟೀನ್‌ಗಳ ತುಣುಕು ಸವರಿರುತ್ತಾರೆ: ಈಸ್ಯಾಟ್-6 ಮತ್ತು ಸಿಎಫ್‌ಪಿ-10. ರಕ್ತ ಹಾಕಿ, ಗೋಡೆಗೆಲ್ಲ ತಾಗುವ ಹಾಗೆ ಅಲ್ಲಾಡಿಸಿ, 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡುತ್ತಾರೆ. ಹಳೇ ಪರಿಚಯ ಇದ್ದ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನ್ ಬಿಡುತ್ತವೆ. ಅಳೆಯುವುದು ಅದನ್ನು. ಇದೇ ಪರೀಕ್ಷೆಯ ಇನ್ನೊಂದು ಬಗೆಯಾದ ಎಲಿಸ್ಪಾಟ್ ವಿಧಾನದಲ್ಲಾದರೆ ಅದನ್ನು ಬಿಟ್ಟ ಒಂದೊಂದು ಕೋಶಕ್ಕೂ ತಟ್ಟೆಯ ತಳದಲ್ಲಿ ಒಂದು ಚುಕ್ಕಿ ಮೂಡುತ್ತದೆ. ರಂಗೋಲಿ ಚುಕ್ಕಿಯ ಹಾಗೆ ಎಣಿಸಿದರಾಯಿತು.

ಹಾಗಾಗಿ ಪಾಸಿಟಿವ್ ಅಂದರೆ ಕ್ರಿಮಿ ಯಾವಾಗಲೋ ಮೈ ಸೇರಿರುವ ಸಾಧ್ಯತೆ ಜಾಸ್ತಿ, ಅಷ್ಟೇ. ಈಗ ಕಾಯಿಲೆ ಇದೆಯಾ, ಕ್ರಿಮಿ ಸುಮ್ನೆ ಮಲಗಿದೆಯಾ ಎಂದು ಇದು ಹೇಳುವುದಿಲ್ಲ. ಮಲಗಿರುವ ಸೋಂಕು ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಮತ್ತೆ ಕೆಲಸ ತಪ್ಪಿಸುವ ಮಾತು ಎಲ್ಲಿಂದ ಬಂತು?

"ಬಿಸಿಜಿ ಹಾಕಿಸಿಕೊಂಡವರಿಗೆಲ್ಲ ಪಾಸಿಟಿವ್ ಬರುತ್ತೆ" ಅನ್ನುವ ಸಾಲೂ ಅದೇ ಮೆಸೇಜಿನಲ್ಲಿದೆ. ಅದು ಕೈಗೆ ಚುಚ್ಚುವ ಹಳೇ ಟ್ಯೂಬರ್ಕುಲಿನ್ ಪರೀಕ್ಷೆಯ ತಾಪತ್ರಯ. ಈ ಎರಡು ಪ್ರೋಟೀನ್ ಬಿಸಿಜಿ ಲಸಿಕೆಯಲ್ಲಿ ಇಲ್ಲವೇ ಇಲ್ಲ.

ಇಗ್ರಾ ನೆಗೆಟಿವ್ ಬಂದರೂ, ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.