ಪ್ಲಗ್ ಪುರಾಣ

ವಿದೇಶದಲ್ಲಿ ನನಗೆ ಭಾಷೆಗಿಂತ ಗೋಡೆಯ ಸಾಕೆಟ್ ಕೊಟ್ಟ ಕಾಟವೇ ಜಾಸ್ತಿ. ಬ್ರಿಟನ್‌ನಲ್ಲಿ ಮೂರು ಚಪ್ಪಟೆ ಪಿನ್ನು, ಜರ್ಮನಿಯಲ್ಲಿ ಎರಡು ದುಂಡನೆಯವು, ಜಪಾನಿನಲ್ಲಿ ಎರಡು ತೆಳು ಪಟ್ಟಿ, ಅದೂ ಬರೀ 100 ವೋಲ್ಟ್. ವಿಮಾನ ಹಾರಿಸೋಕೆ ಎಲ್ಲರೂ ಒಪ್ಪಂದ ಮಾಡ್ಕೋತಾರೆ, ಒಂದು ಪ್ಲಗ್‌ಗೆ ಆಗಲ್ವಾ?

ಹೋದ ಸಲ ಜರ್ಮನಿಯಲ್ಲಿ ಸಲೀಸಾಗಿ ಕೂತ ಅಡಾಪ್ಟರ್ ಪಕ್ಕದ ಸ್ವಿಟ್ಜರ್ಲೆಂಡ್‌ನಲ್ಲಿ ಕೂರಲೇ ಇಲ್ಲ. ಅಲ್ಲಿನ ಸಾಕೆಟ್ ಆರು ಮೂಲೆಯ ಪುಟ್ಟ ಗುಂಡಿ. ನನ್ನದರ ದಪ್ಪ ಮೂತಿ ಒಳಗೆ ಹೋಗಬೇಕಲ್ಲ! ಬೆಳಿಗ್ಗೆ ಮೀಟಿಂಗು, ಲ್ಯಾಪ್‌ಟಾಪ್‌ನಲ್ಲಿ 9% ಚಾರ್ಜು. ರಾತ್ರಿ ಟಿವಿ ಹಿಂದೆ ತಡಕಾಡಿ ಯುಎಸ್‌ಬಿ ತೂತು ಸಿಕ್ಕಿತು. ಫೋನಿಗಷ್ಟೇ ಜೀವ ಬಂತು.

ಈಗ ನನ್ನ ಹತ್ತಿರ ಏಳು ಅಡಾಪ್ಟರ್‌ಗಳಿವೆ. ಬೇಕಾದದ್ದು ಮಾತ್ರ ಯಾವಾಗಲೂ ಮನೆಯ ಡ್ರಾಯರ್‌ನಲ್ಲೇ ಇರುತ್ತದೆ.