ಉಕ್ಕಿಗಿಂತ 100 ಪಟ್ಟು ಗಟ್ಟಿ ಅನ್ನೋ ಫಾರ್ವರ್ಡ್: ಸತ್ಯಾಂಶ

"ಕಾರ್ಬನ್ ನ್ಯಾನೊಟ್ಯೂಬ್ ಉಕ್ಕಿಗಿಂತ 100 ಪಟ್ಟು ಗಟ್ಟಿ, ಅದರ ಹಗ್ಗ ಹಿಡಿದು ಬಾಹ್ಯಾಕಾಶಕ್ಕೇ ಲಿಫ್ಟ್ ಹಾಕಬಹುದು" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಾರ್ಬನ್ ನ್ಯಾನೊಟ್ಯೂಬ್ ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿ ಸಣ್ಣ ಕೊಳವೆ. ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಆದರೆ ಇಂಥ ಅಂಕಿಗಳ ಹಿಂದೆ ಇರುವುದು ಕಂಪ್ಯೂಟರ್ ಮಾದರಿಯ ಕೊಳವೆ; ಅದರಲ್ಲಿ ಒಂದು ಪರಮಾಣುವೂ ತಪ್ಪಿರುವುದಿಲ್ಲ. 2000ರಲ್ಲಿ ಹಲವು ಪದರದ ನಿಜವಾದ ಕೊಳವೆಗಳನ್ನು ಎಳೆದು ನೋಡಿದರು. ಹೊರಪದರ 11ರಿಂದ 63 ಗಿಗಾಪಾಸ್ಕಲ್ (ಅಡ್ಡಗಾತ್ರಕ್ಕೆ ತಕ್ಕಂತೆ ಎಳೆತವನ್ನು ಅಳೆಯುವ ಮಾನ) ಒಳಗೇ ಹರಿಯಿತು.

ಇನ್ನೊಂದು ತಮಾಷೆ ಇದೆ. ಒಂದೇ ಪರಮಾಣುವಿನ ಗೋಡೆಗೆ ದಪ್ಪ ಎಷ್ಟು ಅಂತ ಹಿಡಿಯೋದು? ದಪ್ಪ ಕಡಿಮೆ ಹಿಡಿದಷ್ಟೂ ಅಂಕಿ ಏರುತ್ತದೆ. 0.34 ನ್ಯಾನೊಮೀಟರ್ ಅಂದರೆ ಯಂಗ್ಸ್ ಮಾಡ್ಯುಲಸ್ (ಎಳೆದಾಗ ಹಿಗ್ಗದೆ ಎಷ್ಟು ಬಿಗಿಯಾಗಿರುತ್ತದೆ ಅನ್ನೋ ಅಳತೆ) ಸುಮಾರು 1 ಟೆರಾಪಾಸ್ಕಲ್ (1000 ಗಿಗಾಪಾಸ್ಕಲ್), ಅಂದರೆ ಉಕ್ಕಿನ ಐದು ಪಟ್ಟು ಅಷ್ಟೇ. 1996ರ ಒಂದು ಮಾದರಿ ದಪ್ಪ 0.066 ನ್ಯಾನೊಮೀಟರ್ ಅಂತ ಹಿಡಿದು 5.5 ಟೆರಾಪಾಸ್ಕಲ್ ಹೇಳಿತು. ಕೊಳವೆ ಅದೇ, ಲೆಕ್ಕ ಬೇರೆ!

ಹಗ್ಗದ ಕತೆಯಂತೂ ಬೇಡ. ಹೊಸೆದ ಕೊಳವೆಗಳು ಒಂದರ ಪಕ್ಕ ಒಂದು ಸುಮ್ನೆ ಜಾರಿಬಿಡುತ್ತವೆ.